ಗೆರೆ ಇಲ್ಲದ ಬೆರಳು

ರಾಮನಗರ,
ಸೋಮವಾರ, ಜುಲೈ ೧೪, ೨೦೨೫

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೆ? ತುಮಕೂರಿನ ಆ ಮನೆಯಲ್ಲಿ ಮೆಟ್ಟಿಲು ಹೆಚ್ಚು. ಮಗು ಅತ್ತಾಗಲೆಲ್ಲ ಹತ್ತಿ ಇಳಿಯಬೇಡ. ತನ್ನ ಮಗಳ ಬಾಣಂತನಕ್ಕೆ ಭಾನು ಇದ್ದಾಳೆ, ಮುತ್ತಜ್ಜಿ ನೀನು ಕೂತಲ್ಲಿಂದಲೇ ಗದರಿದರೆ ಸಾಕು. ಫೋನಿನಲ್ಲಿ ನಾನು ಹೇಳಿದ್ದರಲ್ಲಿ ಅರ್ಧ ನಿನಗೆ ಕೇಳಿಸುವುದಿಲ್ಲ. ಕೇಳಿಸದಿದ್ದರೂ ‘ಹೂಂ, ಹೂಂ’ ಅನ್ನುತ್ತೀಯ. ಈ ಸಲದ ವಿಷಯ ಹಾಗೆ ಹೂಂ ಅನ್ನಿಸಿಕೊಂಡು ಮುಗಿಸುವಂಥದ್ದಲ್ಲ, ಅದಕ್ಕೇ ಕಾಗದ. ಕನ್ನಡಕ ಒರೆಸಿಕೊಂಡು ನೀನೇ ಓದು. ಭಾನುವಿನ ಕೈಲಿ ಓದಿಸಬೇಡ, ಅವಳು ನಡುನಡುವೆ ತನ್ನ ಅಭಿಪ್ರಾಯ ಸೇರಿಸುತ್ತಾಳೆ.

ನಾನು ಚೆನ್ನಾಗಿದ್ದೇನೆ. ಕಾಲೇಜು ಶುರುವಾಗಿದೆ. ಹಿತ್ತಲ ಕರಿಬೇವು ಚಿಗುರಿದೆ. ನಮ್ಮ ಬೀದಿಯ ಕೊನೆಯಲ್ಲಿರುವ ಗಫಾರ್ ಸಾಬರ ಫಿಲೇಚರ್ ನಿನಗೆ ಗೊತ್ತಲ್ಲ, ಅದೇ, ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಶೆಡ್ಡು. ಹುಳುವಿನ ವಾಸನೆಗೆ ನೀನು ಸೆರಗು ಮುಚ್ಚಿಕೊಂಡು ದಾಟುತ್ತಿದ್ದ ಜಾಗ. ಅಲ್ಲಿಗೆ ಜಾರ್ಖಂಡಿನಿಂದ ಸುಗಂತಿ ಎಂಬ ಹೆಂಗಸು ಬಂದಿದ್ದಾಳೆ. ಮೂವತ್ತು ದಾಟಿರಬಹುದು. ಗಂಡ ಇಲ್ಲ. ಗಂಡನ ಅಣ್ಣನೇ ಊರಿನ ಒಂದಷ್ಟು ಜನರನ್ನು ಕರೆತಂದು ಇಲ್ಲಿ ಕೆಲಸಕ್ಕೆ ಸೇರಿಸಿದವನು. ಅಷ್ಟೂ ಜನರ ಕೂಲಿ ಅವನ ಖಾತೆಗೇ ಹೋಗುತ್ತದೆ. ಸುಗಂತಿಗೆ ಅಲ್ಲಿ ಹಾಸ್ಟೆಲಿನಲ್ಲಿ ಓದುವ ಮಗಳಿದ್ದಾಳೆ. ಭಾವ ಫೀಸು ಕಳಿಸುತ್ತೇನೆ ಎಂದವನು ಕಳಿಸದೆ, ಹೋದ ಸಲ ಆ ಹುಡುಗಿ ಪೆಟ್ಟಿಗೆ ಹೊತ್ತುಕೊಂಡು ಊರಿಗೆ ವಾಪಸಾಗಿದ್ದಳಂತೆ. ಈ ಸಲವೂ ಹಾಗಾದರೆ ಓದು ಬಿಡಿಸಿ ಮದುವೆ ಮಾಡಿಬಿಡುತ್ತಾರೆ ಎನ್ನುವುದು ಅವಳ ಭಯ. ‘ನಿಂದೇ ಒಂದು ಅಕೌಂಟ್ ಮಾಡಿಸ್ಕೋಮ್ಮಾ, ಶನಿವಾರದ ಬಟವಾಡೆ ಅದಕ್ಕೇ ಹಾಕ್ತೀನಿ’ ಅಂತ ಗಫಾರ್ ಸಾಬರು ಅವಳಿಗೆ ಹೇಳಿ, ನನ್ನನ್ನು ಗೇಟಿನಲ್ಲಿ ತಡೆದು, ‘ಟೀಚರಮ್ಮ, ಅವರ ಭಾವ ಊರಿಗೆ ಹೋಗವ್ನೆ, ಶನಿವಾರ ಬೆಳಗ್ಗೆ ಬತ್ತಾನೆ. ಅಷ್ಟರೊಳಗೆ ನೀವು ಒಸಿ ಜೊತೇಲಿ ಹೋಗಿ ಬ್ಯಾಂಕಿನ ಕೆಲಸ ಮುಗಿಸ್ಕೊಟ್ಬುಡಿ. ನಾನು ಹೋದ್ರೆ ಮಾಲೀಕ ಯಾಕೆ ಬಂದ ಅಂತ ನೂರು ಮಾತು’ ಅಂದರು.

ಶುಕ್ರವಾರ ಅವಳನ್ನು ಕರೆಯಲು ಒಳಗೆ ಹೋದೆ. ಈ ಬೀದಿಯಲ್ಲಿ ಇಷ್ಟು ವರ್ಷ ಇದ್ದೂ ನಾನು ಆ ಬಾಗಿಲು ದಾಟಿರಲಿಲ್ಲ ಅಮ್ಮಾ. ಒಳಗೆಲ್ಲ ಹಬೆ. ಬೇಸಿನ್ನಿನ ಕುದಿಯುವ ನೀರಿನಲ್ಲಿ ಗೂಡುಗಳು ಮುಳುಗಿ ಏಳುತ್ತಿದ್ದವು. ಸುಗಂತಿ ಅದರೊಳಗೆ ಬೆರಳು ಅದ್ದಿ ಏನನ್ನೋ ಹಿಡಿದೆತ್ತಿದಳು. ಏನನ್ನು ಎತ್ತಿದಳೆಂದು ನನಗೆ ಕಾಣಲಿಲ್ಲ. ಗಾಳಿಯನ್ನೇ ಚಿವುಟಿ ಎಳೆದ ಹಾಗಿತ್ತು. ಅವಳು ಕೈಯನ್ನು ಕಿಟಕಿಯ ಕಡೆ ತಿರುಗಿಸಿದಾಗ, ಬೆಳಕು ಓರೆಯಾಗಿ ಬಿದ್ದು, ಒಂದು ಎಳೆ ಮಿಂಚಿ ಮಾಯವಾಯಿತು. ಕಣ್ಣಿಗೆ ಸಿಗದ್ದು ಅವಳ ಬೆರಳಿಗೆ ಸಿಗುತ್ತದೆ. ಇಷ್ಟು ವರ್ಷ ಕಾವ್ಯ ಓದುತ್ತಾ ಯಾವುದಕ್ಕೆ ಕಾದಿದ್ದೆನೋ ಅದು ನಮ್ಮ ಬೀದಿಯ ಕೊನೆಯಲ್ಲೇ ದಿನವೂ ನಡೆಯುತ್ತಿತ್ತು ಅನ್ನಿಸಿ, ಹಾಗೆಯೇ ನಿಂತುಬಿಟ್ಟೆ. ‘ನಡೀರಿ ಟೀಚರಮ್ಮ, ಬ್ಯಾಂಕ್ ಮುಚ್ತಾರೆ’ ಎಂದು ಗಫಾರ್ ಸಾಬರು ಹೊರಗಿನಿಂದ ಕೂಗಿದರು. ಅವಳು ಕೈ ಒರೆಸಿಕೊಂಡು ಎದ್ದು ಬಂದಳು.

ಹಾಗೆ ಬಿಸಿನೀರಿನಿಂದ ಎದ್ದ ಕೈಯಲ್ಲೇ ಹೊರಟೆವು, ನಾವು ಮಾಡಿದ ತಪ್ಪು ಅದೇ. ಬ್ಯಾಂಕಿನಲ್ಲಿ ಗುಮಾಸ್ತ ಬಸವಕುಮಾರ್ (ಮಾಗಡಿ ಕಡೆ ಗುಡೇಮಾರನಹಳ್ಳಿಯವರು, ಒಳ್ಳೆಯ ಮನುಷ್ಯ) ಅವಳ ಆಧಾರ್ ನಂಬರು ಹೊಡೆದು, ಆ ಪುಟ್ಟ ಯಂತ್ರವನ್ನು ಮುಂದೆ ತಳ್ಳಿ, ‘ಹೆಬ್ಬೆಟ್ಟು ಇಡಮ್ಮ’ ಎಂದರು. ಇಟ್ಟಳು. ಕೆಂಪು ದೀಪ. ಇನ್ನೊಂದು ಕೈ. ಕೆಂಪು. ಒಂದೊಂದೇ ಬೆರಳು ಇಡುತ್ತಾ ಹೋದಳು, ದೀಪ ಹಸಿರಾಗಲೇ ಇಲ್ಲ. ಬಸವಕುಮಾರ್ ಅವಳ ಬೆರಳನ್ನು ತಿರುಗಿಸಿ ಬೆಳಕಿಗೆ ಹಿಡಿದರು. ನಾನೂ ಬಗ್ಗಿ ನೋಡಿದೆ. ಬಿಳಿಚಿ ಉಬ್ಬಿದ ತುದಿ, ಹೊಳೆಯಲ್ಲಿ ಸವೆದ ಬೆಣಚುಕಲ್ಲಿನ ಹಾಗೆ ನುಣುಪು. ಒಂದು ಗೆರೆ ಇರಲಿಲ್ಲ. ದಿನವಿಡೀ ಆ ಬಿಸಿನೀರು ಎಲ್ಲವನ್ನೂ ಅಳಿಸಿತ್ತು. ಸುಗಂತಿ ನನ್ನ ಮುಖ ನೋಡಿ, ತಾನು ಕಲಿತಷ್ಟು ಕನ್ನಡದಲ್ಲಿ, ‘ಅಕ್ಕಾ, ಈ ಕೈ ನಂದು ಅಲ್ಲಾ?’ ಅಂದಳು.

ಸಾಲಿನಲ್ಲಿ ನಮ್ಮ ಹಿಂದೆ ಕನಕಪುರ ಕಡೆಯ ರೈತರೊಬ್ಬರು, ಬೋರಲಿಂಗಯ್ಯ ಅಂತ, ಗೂಡು ಮಾರಿ ಬಂದವರು ನಿಂತಿದ್ದರು. ‘ಏನವ್ವ, ಬೇಸಿನ್ನಿಂದ ಎದ್ದು ಸೀದಾ ಬಂದ್ಬುಟ್ಟಿದ್ದೀಯಾ? ಫಿಲೇಚರ್ ಹೆಣ್ಮಕ್ಳು ರೇಷನ್ನಿಗೆ ಹೆಬ್ಬೆಟ್ಟು ಕೊಡಾಕೂ ರಜ ಆಕ್ಕಂಡು, ಕೈ ಒಣಗಿಸ್ಕಂಡು ಓಯ್ತಾರೆ ಕಣವ್ವ’ ಎಂದರು. ಆಮೇಲೆ, ‘ಓಗ್ಲಿ, ಬೆರಳ್ನ ಒಸಿ ತಲೇಗೆ ತಿಕ್ಕು. ಎಣ್ಣೆ ಅಂಟ್ಕಂಡ್ರೆ ಮಿಸಿನ್ನು ಹಿಡೀತದೆ’ ಅಂತ ಉಪಾಯ ಬೇರೆ ಹೇಳಿದರು. ‘ಇದೇನು ದೋಸೆ ಕಾವಲೀನಾ ಯಜಮಾನ್ರೇ, ಎಣ್ಣೆ ಸವರೋಕೆ?’ ಎಂದರು ಬಸವಕುಮಾರ್. ‘ನಿನ್ ಮಿಸಿನ್ಗೇನ್ ಗೊತ್ತಪ್ಪ? ನಾವು ಬೆಳೆದಿರೋ ಗೂಡೇ ಈ ಯಮ್ಮನ ಬೆರಳ ತಿಂದಿರೋದು. ಬೇಕಾದ್ರೆ ನನ್ ಹೆಬ್ಬೆಟ್ಟು ಒತ್ಲಾ? ಗೆರೆ ಬೇಜಾನ್ ಐತೆ!’ ಸಾಲೆಲ್ಲ ನಕ್ಕಿತು. ಸುಗಂತಿ ನಗದೆ, ಹೇಳಿದಂತೆ ಬೈತಲೆಗೆ ಬೆರಳು ತಿಕ್ಕಿ ಮತ್ತೆ ಇಟ್ಟಳು. ಕೆಂಪು.

‘ಭಾನುವಾರ ಕಳೀಲಿ, ಸೋಮವಾರ ಬನ್ನಿ’ ಎಂದರು ಬಸವಕುಮಾರ್. ಸೋಮವಾರಕ್ಕೆ ಭಾವ ಬಂದಿರುತ್ತಾನೆ, ಬಟವಾಡೆ ಅವನ ಖಾತೆ ಸೇರಿರುತ್ತದೆ, ಅವನಿದ್ದಾಗ ಅವಳನ್ನು ಬ್ಯಾಂಕಿಗೆ ಬಿಡುವುದೂ ಇಲ್ಲ ಎಂದು ನಾನು ಬಿಡಿಸಿ ಹೇಳಿದೆ. ಅವರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಆಮೇಲೆ ಎದ್ದು, ಮೂಲೆಯ ಆಧಾರ್ ಕೌಂಟರಿನಿಂದ ಬೈನಾಕ್ಯುಲರಿನಂಥ ಒಂದು ಕಪ್ಪು ಡಬ್ಬ ತಂದು, ‘ಬೆರಳು ಹೋದ್ರೆ ಹೋಗ್ಲಿ, ಕಣ್ಣೈತಲ್ಲ. ರೆಪ್ಪೆ ಬಡೀಬೇಡ ಅಂತ ಹೇಳಿ ಮೇಡಂ’ ಎಂದರು.

ಅವಳು ಡಬ್ಬಕ್ಕೆ ಕಣ್ಣಿಟ್ಟು ಉಸಿರು ಹಿಡಿದಳು. ಪರದೆಯ ಮೇಲೆ ಅವಳ ಕಣ್ಣುಗುಡ್ಡೆ ದೊಡ್ಡದಾಗಿ ಮೂಡಿತು. ಅಮ್ಮಾ, ಅದನ್ನು ನಿನಗೆ ಹೇಗೆ ಬರೆದು ಹೇಳಲಿ? ನಡುವೆ ಕಪ್ಪು ಬಾವಿ, ಅದರ ಸುತ್ತ ಸಾವಿರ ಎಳೆಗಳು, ಒಂದರ ಹಾಗೆ ಇನ್ನೊಂದಿಲ್ಲ, ಯಾರೋ ಕೂತು ನೂತು ಒಳಕ್ಕೆ ಇಳಿಬಿಟ್ಟ ಹಾಗೆ. ಬಾಯಿ ತುಂಬ ಮಾತಾಡುತ್ತಿದ್ದ ಬೋರಲಿಂಗಯ್ಯನವರೂ ಟವೆಲ್ಲು ಬಾಯಿಗಿಟ್ಟುಕೊಂಡು ನೋಡುತ್ತಾ ನಿಂತರು. ಹಸಿರು ದೀಪ ಹತ್ತಿತು. ಮರುಕ್ಷಣ ಅವಳ ಹೆಸರು, ಹಳ್ಳಿ, ಹತ್ತು ವರ್ಷ ಹಿಂದಿನ ಫೋಟೋ ಎಲ್ಲವೂ ಬಂದವು. ಎಲ್ಲೋ ಯಾರೂ ಕಾಣದ ಕಡೆ ಇಟ್ಟಿದ್ದ ಒಂದು ಗುರುತು, ಅವಳು ಇಷ್ಟು ದೂರ ಬಂದು ಬೆರಳು ಕಳೆದುಕೊಂಡ ಮೇಲೂ, ‘ಹೌದು, ಇವಳೇ’ ಎಂದಿತು. ದೇವರ ಮುಂದೆ ನಿಂತಾಗಲೂ ನನಗೆ ಹೀಗೆ ಮೈ ಜುಮ್ಮೆಂದದ್ದು ಅಪರೂಪ. ‘ಬಂದ್ಬುಟ್ಳು ಕಣಪ್ಪ!’ ಅಂದರು ಬೋರಲಿಂಗಯ್ಯ. ಸುಗಂತಿ ಪರದೆಯ ಮೇಲಿನ ಚಿಕ್ಕ ವಯಸ್ಸಿನ ತನ್ನ ಮುಖವನ್ನು ಮುಟ್ಟಿ ನೋಡಿದಳು. ಬಸವಕುಮಾರ್ ಬೇಡ ಎನ್ನಲಿಲ್ಲ.

ಆಮೇಲೆ ಒಂದೇ ಪ್ರಶ್ನೆ ಉಳಿದಿತ್ತು. ಕಾರ್ಡು ಅಂಚೆಯಲ್ಲಿ ಬರುತ್ತದೆ, ಈಗಿರುವ ವಿಳಾಸ ಯಾವುದು ಎಂದು ಕೇಳಿದರು. ಅವಳಿದ್ದದ್ದು ಭಾವನ ಬಾಡಿಗೆ ಕೋಣೆಯಲ್ಲಿ. ಅಲ್ಲಿಗೆ ಬಂದರೆ ಕಾರ್ಡು ಅವನ ಜೇಬಿಗೆ. ಅವಳ ಮುಖ ಮತ್ತೆ ಇಳಿಯಿತು. ಅದಕ್ಕೂ ಒಂದು ದಾರಿ ಮಾಡಿದೆವು. ಖಾತೆ ಆಯಿತು, ಶನಿವಾರದ ಬಟವಾಡೆ ಅವಳಿಗೇ ಸೇರಿತು, ಮಗಳ ಹಾಸ್ಟೆಲಿಗೂ ಹೋಯಿತು.

ಭಾನುವಿಗೂ ಬಾಣಂತಿಗೂ ನನ್ನ ನೆನಪು ತಿಳಿಸು. ಮಗುವಿನ ಅಂಗೈ ಬಿಡಿಸಿ, ಆ ಪುಟ್ಟ ಬೆರಳುಗಳಿಗೆ ನನ್ನ ಲೆಕ್ಕದಲ್ಲಿ ಒಂದೊಂದು ಮುತ್ತು ಕೊಡು. ನಿನ್ನ ಪಾದಕ್ಕೆ ನಮಸ್ಕಾರ.

ನಿನ್ನ ಮಗಳು,
ಲತಾಮಣಿ

ಮರೆತ ಮಾತು: ಮರೆತದ್ದೇನಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡೆ. ನಾನು ಕೊಟ್ಟ ವಿಳಾಸ ನಮ್ಮ ಮನೆಯದು. ಬಸವಕುಮಾರ್ ಕನ್ನಡಕದ ಮೇಲಿಂದ ನೋಡಿ, ‘ನಿಜವಾಗ್ಲೂ ನಿಮ್ಮನೇಲಿ ಅವ್ರಾ ಮೇಡಂ?’ ಅಂದರು. ‘ಇದ್ದಾಳೆ’ ಅಂದುಬಿಟ್ಟೆ. ಆಗ ಅದು ಸುಳ್ಳಾಗಿತ್ತು, ಸಂಜೆಯೊಳಗೆ ನಿಜ ಮಾಡಿದೆ. ಹಿಂದಿನ ಕೋಣೆಯ ನಿನ್ನ ಹಂಡೆ, ಒರಳು ಎಲ್ಲ ವರಾಂಡಕ್ಕೆ ಬಂದಿವೆ. ಅಪ್ಪ ಹೋದ ಮೇಲೆ ಹೊರಗಿನವರನ್ನು ಮನೆಗೆ ಸೇರಿಸಬಾರದು ಎಂದು ನೀನು ಹೇಳಿದ್ದು ಗೊತ್ತಿದೆ, ಮನೆ ನಿನ್ನ ಹೆಸರಿನಲ್ಲಿರುವುದೂ ಗೊತ್ತಿದೆ. ಅವಳ ಭಾವ ಬಂದು ಗೇಟಿನ ಮುಂದೆ ಕೂಗಾಡಿದ. ಗಫಾರ್ ಸಾಬರು ಬಂದು ಅವನನ್ನು ಕರೆದುಕೊಂಡು ಹೋದರು. ನೀನೂ ಬೈಯುವುದಾದರೆ ಬರೆದು ಬೈಯಿ, ಫೋನಿನಲ್ಲಿ ಬೇಡ, ಅವಳಿಗೆ ಕೇಳಿಸುತ್ತದೆ. ನಿನ್ನ ಉತ್ತರಕ್ಕಿಂತ ಮೊದಲೇ ಅವಳ ಕಾರ್ಡು ಬಂದರೂ ಬಂದೀತು. ಅಂಚೆಯವರಿಗೆ ಹೇಳಿದ್ದೇನೆ, ಈ ಮನೆಯಲ್ಲಿ ಆ ಹೆಸರಿನವರು ಇದ್ದಾರೆ ಅಂತ.