ದೀಪ ಹಚ್ಚುವ ಹೊತ್ತಿನಲ್ಲಿ ಮಲಗಿದವಳು

ಅವ್ವಾ,

ನಾನು ಕ್ಷೇಮ ಎಂದು ಬರೆದರೆ ನೀನು ನಂಬುವವಳಲ್ಲ. ಕ್ಷೇಮವೇನೋ ಹೌದು, ಆದರೆ ಸಿಟ್ಟಿನಲ್ಲಿದ್ದೇನೆ. ಸಿಟ್ಟು ಬಂದಾಗ ಯಾರ ಜೊತೆಗಾದರೂ ಜಗಳವಾಡದಿದ್ದರೆ ನನಗೆ ಅನ್ನ ಸೇರುವುದಿಲ್ಲ ಎಂಬುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದಕ್ಕೇ ಮಧುಗಿರಿಯ ನನ್ನ ಸ್ಟುಡಿಯೊದಲ್ಲಿ ಯಾರದೋ ಮದುವೆಯ ವಿಡಿಯೊ ಎಡಿಟ್ ಮಾಡುತ್ತಿದ್ದವಳು, ಧಾರೆ ಎರೆಯುವಲ್ಲಿಗೇ ನಿಲ್ಲಿಸಿ ನಿನಗೆ ಬರೆಯಲು ಕೂತೆ. ನಾವಿಬ್ಬರೂ ಸೇರಿ ಮಾಡಿದ ಸಿನಿಮಾದಿಂದ ನಿನ್ನನ್ನು ಕತ್ತರಿಸಿ ತೆಗೆಯಬೇಕಂತೆ ಅವ್ವ. ಪೂರ್ತಿ ಅಲ್ಲ, ನೀನು ಹುಣಸೆಮರದ ಕೆಳಗೆ ಮಲಗುವುದನ್ನು ಮಾತ್ರ. ಅದನ್ನು ತೆಗೆದರೆ ಉಳಿಯುವುದಾದರೂ ಏನು...

ಬಡವನಹಳ್ಳಿ ಆಚೆಯ ತೋಪಿನಲ್ಲಿ ನಾನು ಕ್ಯಾಮೆರಾ ನಿಲ್ಲಿಸಿದ ದಿನ ನೀನು ಹುಬ್ಬು ಗಂಟಿಕ್ಕಿ ಕೇಳಿದ್ದೆ, "ನಾನೇನ್ ಮಾಡ್ಬೇಕೇ ಭಾಗಿ?" ಏನೂ ಬೇಡ, ನಿನ್ನ ಕೆಲಸ ನೀನು ಮಾಡು ಎಂದೆ. "ಅದ್ನ ನೋಡಾಕೆ ಯಾರ್ ಬತ್ತಾರೆ? ಹುಣಿಸೇಹಣ್ಣು ಕುಟ್ಟೋದು ಕಾಣದೋರು ಅವ್ರಾ ಈ ಸೀಮೇಲಿ?" ಎಂದು ಗೊಣಗಿ ಕೊಡತಿ ಎತ್ತಿಕೊಂಡೆ. ಕುಟ್ಟಿದೆ, ಓಡು ಬಿಡಿಸಿದೆ, ನಾರು ಎಳೆದೆ, ಬೀಜ ತೆಗೆದು ಪಕ್ಕದ ಬುಟ್ಟಿಗೆ ಹಾಕಿದೆ. ಮಧ್ಯಾಹ್ನದ ಮುದ್ದೆ ಇಳಿದ ಮೇಲೆ ಕೈ ನಿಧಾನವಾಯಿತು. ಆಮೇಲೆ ನಿಂತೇಹೋಯಿತು. ಗೋಣಿಚೀಲಕ್ಕೆ ತಲೆ ಕೊಟ್ಟು, ಬಾಯಿ ತೆರೆದುಕೊಂಡು ನೀನು ಮಲಗಿಬಿಟ್ಟೆ. ನಾನು ಕ್ಯಾಮೆರಾ ಆರಿಸಲಿಲ್ಲ. ಬಿಸಿಲು ನಿನ್ನ ಕಾಲಿನಿಂದ ಸರಿದು ಹೋದದ್ದು, ಮರದ ನೆರಳು ಉದ್ದವಾದದ್ದು, ಹಿಂದಿನ ಬಂಡೆಗುಡ್ಡ ಕೆಂಪಾಗಿ ಆಮೇಲೆ ಕಪ್ಪಾದದ್ದು, ಎಲ್ಲವೂ ಬಂತು. ನಾನು ಹುಟ್ಟಿದಾಗಿನಿಂದ ನೀನು ಹಗಲಲ್ಲಿ ಮಲಗಿದ್ದನ್ನು ನೋಡಿದ್ದು ಅದೊಂದೇ ಸಲ.

ಚನ್ನರಾಯನದುರ್ಗದ ಬೆಟ್ಟಕ್ಕೆ ನಿನ್ನನ್ನು ಹತ್ತಿಸಿದಾಗ ದಾರಿಯುದ್ದಕ್ಕೂ ಬೈದಿದ್ದೆಯಲ್ಲ, "ನಿಂಗೆ ಹುಚ್ಚು ಹಿಡದೈತೆ, ನಂಗೂ ಹಿಡ್ಸಿದ್ದೀಯ" ಅಂತ. ಆ ಹುಚ್ಚು ಪೂರ್ತಿಯಾದಾಗ ಹೇಗೆ ಕಂಡಿತೆಂದು ನಿನಗೆ ಗೊತ್ತಿಲ್ಲ. ಜೋಡಿಸಿ ಮುಗಿಸುವ ಮೊದಲೇ, ಒಂದು ಜ್ವರದ ನೆಪ ಮಾಡಿಕೊಂಡು ಹೊರಟುಹೋದೆ. ಕಥೆ ಇಷ್ಟೇ. ಹುಣಸೆಹಣ್ಣು ಕುಟ್ಟುವ ಹೆಂಗಸೊಬ್ಬಳು ನಿದ್ದೆ ಹೋಗುತ್ತಾಳೆ. ಕನಸಿನಲ್ಲಿ ತೌರಿಗೆಂದು ಪಾವಗಡದ ಬಸ್ಸು ಹತ್ತುತ್ತಾಳೆ. ಬಸ್ಸಿನಲ್ಲಿ ಯಾರೂ ಇಲ್ಲ, ಆದರೆ ತೆಲುಗಿನಲ್ಲಿ ಮಾತಾಡಿಕೊಳ್ಳುವುದು ಕೇಳಿಸುತ್ತದೆ. ಇಳಿದು ನೋಡಿದರೆ ತೌರಲ್ಲ, ದುರ್ಗದ ಕೋಟೆಬಾಗಿಲು. ಮತ್ತೆ ಬಸ್ಸು ಹತ್ತುತ್ತಾಳೆ, ಮತ್ತೆ ಇಳಿಯುತ್ತಾಳೆ, ಮತ್ತೆ ಅದೇ ಬಾಗಿಲು. ಮೆಟ್ಟಿಲ ಮೇಲಿಂದ ಹುಣಸೆಬೀಜ ಉರುಳುತ್ತಾ ಉರುಳುತ್ತಾ ಇಳಿದು ಬರುತ್ತವೆ. ಕೊನೆಗೆ ತೋಪಿನಲ್ಲಿ ಕತ್ತಲಾಗುತ್ತದೆ, ಅವಳಿನ್ನೂ ಮಲಗಿಯೇ ಇರುತ್ತಾಳೆ. ಹಾಡಿಲ್ಲ, ಹೊಡೆದಾಟವಿಲ್ಲ, ಮಾತೂ ಇಲ್ಲವೆನ್ನುವಷ್ಟು ಕಡಿಮೆ.

ಮಧುಗಿರಿಯ ಹಳೇ ಟಾಕೀಸಿನಲ್ಲಿ ಮೊದಲ ಆಟ ಹಾಕಿದ ದಿನ ಜನ ಬಂದರು ಅವ್ವ, ನಿಜವಾಗಿಯೂ ಬಂದರು. ಊರ ಹುಡುಗಿ ಸಿನಿಮಾ ಮಾಡಿದ್ದಾಳೆಂದು ಕಾಲೇಜಿನ ಹುಡುಗರು ಹಿಂದಿನ ಸಾಲು ಹಿಡಿದರು. ತುಮಕೂರಿನಿಂದ ಸಿನಿಮಾ ಬಲ್ಲ ಮೇಷ್ಟರೊಬ್ಬರು ಸ್ನೇಹಿತರನ್ನು ಕಟ್ಟಿಕೊಂಡು ಬಂದು ನಡುವೆ ಕೂತರು. ಪಾವಗಡದಿಂದ ನಿನ್ನ ತಮ್ಮ, ನರಸಿಂಹ ಮಾವ, ಇಸ್ತ್ರಿ ಮಾಡಿದ ಪಂಚೆ ಉಟ್ಟುಕೊಂಡು ಬಂದ. ನಿನ್ನ ಜೊತೆ ಹಣ್ಣು ಕುಟ್ಟುತ್ತಿದ್ದ ಗಂಗಮ್ಮ, ತೋಪಿನ ಹೆಂಗಸರನ್ನೆಲ್ಲ ಲಗೇಜ್ ಆಟೊದಲ್ಲಿ ತುಂಬಿಕೊಂಡು ಬಂದಳು. ಪರದೆಗೆ ಹತ್ತಿರವಿದ್ದರೆ ನೀನು ಚೆನ್ನಾಗಿ ಕಾಣುತ್ತೀಯೆಂದು ಅವರೆಲ್ಲ ಎಲ್ಲರಿಗಿಂತ ಮುಂದೆ ಹೋಗಿ ಕೂತರು.

ಪರದೆಯ ಮೇಲೆ ನೀನು ಮಲಗಿದೆ. ಆಮೇಲೆ ಹಿಂದಿನಿಂದ ಸಿಳ್ಳೆ ಬಂತು. "ಹ್ಯಾಂಗ್ ಆಗೈತೆ ಕಣ್ಲಾ, ಆಪರೇಟರ್‌ನ ಎಬ್ಬಿಸ್ರೋ" ಎಂದು ಒಬ್ಬ ಕೂಗಿದ. ಚಿತ್ರ ಅಲ್ಲಾಡುತ್ತಿಲ್ಲವಲ್ಲ, ಪಾಪ, ಆಪರೇಟರ್ ಕೂಡ ಹೌದಿರಬೇಕು ಅಂದುಕೊಂಡ. ನಿಲ್ಲಿಸಿ, ಹಿಂದಕ್ಕೆ ಹೋಗಿ, ನೀನು ಕೊಡತಿ ಎತ್ತಿಕೊಳ್ಳುವಲ್ಲಿಂದ ಮತ್ತೆ ಶುರು ಮಾಡಿದ. ನಾನು ಮಹಡಿ ಹತ್ತಿ ಅವನ ರೂಮು ಸೇರುವಷ್ಟರಲ್ಲಿ ನೀನು ಎರಡನೇ ಸಲ ತೂಕಡಿಸುತ್ತಿದ್ದೆ. ಕೆಳಗೆ ಕುರ್ಚಿಗಳು ದಡದಡ ಮಡಚಿಕೊಂಡವು. ಹುಡುಗರಲ್ಲಿ ಅರ್ಧ ಜನ ನಗುತ್ತಾ ಎದ್ದು ಹೋದರು. ಮೇಷ್ಟರು ಎಲ್ಲರ ಮೇಲೂ ಶ್, ಶ್ ಎನ್ನುತ್ತಿದ್ದರು.

ಆ ಎರಡನೇ ಸಲ, ಕನಸೆಲ್ಲ ಮುಗಿದು ಗುಡ್ಡ ಕಪ್ಪಾಗತೊಡಗಿದಾಗ, ಮುಂದಿನ ಸಾಲಿನಿಂದ ಗಂಗಮ್ಮನ ದನಿ ಕೇಳಿತು. "ಲೇ ಹನುಮಕ್ಕ, ಎದ್ದೇಳೇ. ದೀಪ ಹಚ್ಚೋ ಹೊತ್ತಾತು." ಮೊದಲು ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಇನ್ನೊಬ್ಬಳು, "ಹುಣಿಸೇಮರದಡಿ ಮಲಗ್ಬುಟ್ಟವಳಲ್ಲೇ, ಅದೂ ಮುಸ್ಸಂಜೇಲಿ. ಯಾರಾದ್ರೂ ಎಬ್ಬಿಸ್ಬಾರ್ದಾ?" ಎಂದಳು. ಆಮೇಲೆ ಎಲ್ಲರೂ ಕರೆಯತೊಡಗಿದರು, ಹೊಲದ ಈ ಬದುವಿನಿಂದ ಆ ಬದುವಿಗೆ ಕರೆಯುವ ಹಾಗೆ. ಮೇಷ್ಟರಿಗೆ ತಡೆಯಲಾಗಲಿಲ್ಲ. "ಸ್ವಲ್ಪ ಸುಮ್ಮನಿರಿ ಅಮ್ಮ, ಇದು ಸಿನಿಮಾ" ಎಂದರು. ಗಂಗಮ್ಮ ತಿರುಗಿ ನೋಡದೆಯೇ ಹೇಳಿದಳು, "ನಿಮ್ಗೆ ಸಿನಿಮಾ ಸ್ವಾಮಿ, ನಮ್ಗೆ ಹನುಮಕ್ಕ." ನಾನು ಆಪರೇಟರ್ ರೂಮಿನ ಕಿಂಡಿಯ ಪಕ್ಕದಲ್ಲಿ ನಿಂತು ಅತ್ತುಬಿಟ್ಟೆ.

ಆಟ ಬಿಟ್ಟ ಮೇಲೆ ಟಾಕೀಸಿನ ಮುಂದೆ ನಡೆದದ್ದು ಇನ್ನೊಂದು ಸಿನಿಮಾ. ಹುಡುಗರು ಟೀ ಅಂಗಡಿಯಲ್ಲಿ ನನಗಾಗಿಯೇ ಕಾದಿದ್ದರು. "ಅಕ್ಕಾ, ಕತೆ ಯಾವಾಗ ಶುರುವಾಗ್ತದೆ ಅಂತ ಕಾದ್ವಿ, ಲೈಟೇ ಹಾಕ್ಬುಟ್ರು" ಎಂದ ಒಬ್ಬ. ನಾನೂ ನಕ್ಕೆ, ಅದಕ್ಕೇನು. ನನಗೆ ಮೈ ಉರಿದದ್ದು ಹೊಗಳಿದವರಿಂದ. ಮೇಷ್ಟರು ನನ್ನ ಎರಡೂ ಕೈ ಹಿಡಿದುಕೊಂಡು, ಆ ನಿದ್ದೆ ಸಾವಿನ ರೂಪಕ, ಅದ್ಭುತ ಎಂದರು. ಸಾವಂತೆ. ಅವತ್ತು ನೀನು ಸತ್ತಿರಲಿಲ್ಲ ಅವ್ವ, ಸುಸ್ತಾಗಿದ್ದೆ. ಸುಸ್ತಾದ ಹೆಂಗಸು ಮಲಗಿದರೆ ಈ ಜನಕ್ಕೆ ಸುಸ್ತು ಕಾಣುವುದೇ ಇಲ್ಲವೇ? ನನ್ನ ತಾಯಿಗೆ ನಿದ್ದೆ ಬಂದಿತ್ತು ಸಾರ್, ಅಷ್ಟೇ ಎಂದೆ. ಅವರು ಅದನ್ನೂ ಏನೋ ದೊಡ್ಡ ಮಾತೆಂದು ತಿಳಿದು ತಲೆದೂಗಿದರು.

ನರಸಿಂಹ ಮಾವ ಗೇಟಿನ ಹತ್ತಿರ ನಿಂತಿದ್ದ. ಚಿಕ್ಕವನಿದ್ದಾಗ ನೀನು ಸೊಂಟದ ಮೇಲೆ ಹೊತ್ತು ತಿರುಗಿದ ತಮ್ಮ. ಕಣ್ಣು ಕೆಂಪಾಗಿತ್ತು, ಅತ್ತಿದ್ದನೋ ಸಿಟ್ಟೋ ಗೊತ್ತಾಗಲಿಲ್ಲ. "ಏಮಮ್ಮಾ ಭಾಗ್ಯಾ, ಮಾ ಅಕ್ಕನ್ನ ಇಂಗಾ ತೋರ್ಸೋದು? ಬಾಯ್ ಬುಟ್ಕೊಂಡು, ಕೂಲಿಯೋಳ ತರ ಮಣ್ಣಾಗೆ ಬಿದ್ದವಳೆ. ಒಂದ್ ಒಳ್ಳೇ ಸೀರೆ ಉಡ್ಸಾಕೆ ಆಗ್ಲಿಲ್ವಾ ನಿಂಗೆ?" ಅವನು ಕೆಟ್ಟವನಲ್ಲ, ನಿನಗೇ ಗೊತ್ತು. ಆದರೆ ನಾನೂ ಬಿಡಲಿಲ್ಲ. ಅಕ್ಕ ಕೂಲಿಗೆ ಹೋಗುತ್ತಿದ್ದಾಗ ನಾಚಿಕೆಯಾಗದೆ, ಈಗ ಕಂಡಾಗ ಯಾಕೆ ನಾಚಿಕೆ ಮಾವ ಎಂದು ಕೇಳಿದೆ. ಅವಳು ಮಲಗಿದ್ದನ್ನು ನೀನು ಯಾವತ್ತಾದರೂ ನೋಡಿದ್ದೀಯಾ ಎಂದೂ ಕೇಳಿದೆ. ಅವನು ಬಸ್ ಸ್ಟ್ಯಾಂಡಿನ ಕಡೆ ನಡೆದ. ಮನೆ ಸೇರಿದ ಮೇಲೆ ಫೋನು ಮಾಡಿ, ಅದೊಂದನ್ನು ತೆಗೆದುಹಾಕು, ಇಲ್ಲದಿದ್ದರೆ ನಿನ್ನ ಮನೆ ಹೊಸಿಲು ತುಳಿಯುವುದಿಲ್ಲ ಎಂದ.

ಶಿರಾದಲ್ಲಿ ಟಾಕೀಸು ನಡೆಸುವ ಸಾಹೇಬರು ನಾನು ಕಳಿಸಿದ ಸಿನಿಮಾ ನೋಡಿ ಕರೆಸಿಕೊಂಡಾಗ ನಾನು ಆಸೆಯಿಂದಲೇ ಹೋದೆ. ಪಕ್ಕದಲ್ಲಿ ಕೂರಿಸಿಕೊಂಡು ಚಹಾ ಕೊಟ್ಟರು. "ದೇಖೋ ಬೇಟಿ, ಪಿಕ್ಚರ್ ಅಚ್ಛಾ ಐತೆ. ಬಸ್ಸು, ಕೋಟೆ, ಎಲ್ಲಾ ಬೊಂಬಾಟ್. ಭಾನುವಾರ ಬೆಳಗಿನ ಆಟ ನಿಂಗೆ. ಲೇಕಿನ್ ಆ ಅಮ್ಮ ಮಲಗೋದು ತೆಗೆದ್ಬುಡು. ಪರದೆ ಮ್ಯಾಗೆ ಒಬ್ರು ಮಲಗಿದ್ರೆ ಕೆಳಗೆ ಎಲ್ಲಾರೂ ಮಲಗ್ತಾರೆ." ಮಾತಿಗೆ ನಗು ಬಂತು. ಕೊರಟಗೆರೆಯಲ್ಲಿ ಕೇಳಿದ್ದೆ, ಪಾವಗಡದಲ್ಲಿ ಕೇಳಿದ್ದೆ, ಮಧುಗಿರಿಯ ಕಥೆ ಕೇಳಿದವರು ಯಾರೂ ಬಾಗಿಲು ತೆಗೆದಿರಲಿಲ್ಲ. ಉಳಿದಿದ್ದು ಇದೊಂದೇ. ನೀನು ಮಲಗುವುದನ್ನು ತೆಗೆದರೆ ಸಿನಿಮಾ ನಾಲ್ಕು ಜನಕ್ಕೆ ಕಾಣುತ್ತದೆ, ಮಾವನೂ ರಾಜಿಯಾಗುತ್ತಾನೆ. ಯೋಚಿಸುತ್ತೇನೆ ಎಂದು ಹೇಳಿ ಬಸ್ಸು ಹತ್ತಿದೆ.

ಸ್ಟುಡಿಯೊಗೆ ಬಂದು ಕಂಪ್ಯೂಟರ್ ಮುಂದೆ ಕೂತಾಗ ನನ್ನ ಕಸುಬಿನ ಮೇಲೇ ನನಗೆ ಸಿಟ್ಟು ಬಂತು. ಮದುವೆ ವಿಡಿಯೊಗಳಲ್ಲಿ ನಾನು ದಿನವಿಡೀ ಏನು ಕತ್ತರಿಸುತ್ತೇನೆ, ಗೊತ್ತಾ? ಛತ್ರದ ಕುರ್ಚಿಯಲ್ಲಿ ಒರಗಿ ನಿದ್ದೆ ಹೋದ ಅಜ್ಜಿಯರು. ಅಡುಗೆಮನೆ ಬಾಗಿಲಲ್ಲಿ ಸೆರಗಿನಿಂದ ಬೆವರು ಒರೆಸಿಕೊಳ್ಳುವ ಹೆಂಗಸರು. ಎಲೆ ಎತ್ತಿ, ಗೋಡೆಗೆ ಬೆನ್ನು ಕೊಟ್ಟು ಕೂತವರು. "ಅದೆಲ್ಲ ಬ್ಯಾಡ ಕಣಮ್ಮ, ಚೆಂದ ಕಾಣಾಕಿಲ್ಲ" ಅನ್ನುತ್ತಾರೆ, ನಾನು ತೆಗೆಯುತ್ತೇನೆ. ಹೊಟ್ಟೆಪಾಡು, ತೆಗೆಯಲೇಬೇಕು. ಊರಿನವರ ಮದುವೆಯಲ್ಲೆಲ್ಲ ಸುಸ್ತಾದ ಹೆಂಗಸರನ್ನು ಅಳಿಸಿ ಅಳಿಸಿ, ನಾನೇ ಮಾಡಿದ ಸಿನಿಮಾದಲ್ಲೂ ಅಳಿಸಬೇಕೇ? ಆಗುವುದಿಲ್ಲ. ಯಾರು ಹೇಳಿದರೂ ಆಗುವುದಿಲ್ಲ. ಸಿನಿಮಾ ನಿಧಾನ ಎನ್ನುತ್ತಾರಲ್ಲ, ನಿನ್ನ ಆಯುಸ್ಸೆಲ್ಲ ಗಡಿಬಿಡಿಯಲ್ಲೇ ಹೋಯಿತಲ್ಲ ಅವ್ವ, ಒಂದು ಮಧ್ಯಾಹ್ನವಾದರೂ ನಿಧಾನವಾಗಿರಲಿ ಬಿಡು.

ಆದರೆ ಒಬ್ಬಳ ದೂರನ್ನು ಮಾತ್ರ ನಾನು ತಳ್ಳಿಹಾಕಲಾರೆ. ಅವತ್ತು ಆಟೊ ಹತ್ತುವಾಗ ಗಂಗಮ್ಮ ನನ್ನ ಗದ್ದ ಹಿಡಿದು ಕೇಳಿದಳು, "ಎಲ್ಲಾ ಚೆಂದಾಗೈತೆ ಕಣೇ ಭಾಗಿ. ಆದ್ರೆ ಅಂಗೇ ಬುಟ್ಬುಟ್ಟೆಯಲ್ಲೇ ಅವ್ಳನ್ನ. ದೀಪದ ಹೊತ್ತಲ್ಲಿ ಮನೆ ಹೆಣ್ಣುಮಗಳನ್ನ ಮಲಗಾಕೆ ಬುಡ್ತಾರಾ? ಎಬ್ಬಿಸ್ಬೇಕಿತ್ತು." ಅವಳಿಗೆ ಸಿನಿಮಾ ಉದ್ದ ಅನ್ನಿಸಲಿಲ್ಲ ಅವ್ವ. ಗಿಡ್ಡ ಅನ್ನಿಸಿತು. ನೀನು ಏಳುವುದಕ್ಕೆ ಮೊದಲೇ ಮುಗಿದುಹೋಯಿತಲ್ಲ ಎಂಬುದು ಅವಳ ತಕರಾರು. ಅಷ್ಟು ಜನರಲ್ಲಿ ಸಿನಿಮಾವನ್ನು ನೆಟ್ಟಗೆ ನೋಡಿದವಳು ಅವಳೊಬ್ಬಳೇ ಅನ್ನಿಸಿತು ನನಗೆ.

ನೀನು ಎದ್ದಿದ್ದೆ. ಅದೂ ನನ್ನ ಹತ್ತಿರ ಇದೆ. ಕನಸು ಒಡೆದುಹೋಗುತ್ತದೆಂದು ಸಿನಿಮಾಕ್ಕೆ ಸೇರಿಸಿರಲಿಲ್ಲ. ಕತ್ತಲು ಕವಿಯುವಾಗ ನೀನು ಕಣ್ಣು ಬಿಟ್ಟು, ಎಲ್ಲಿದ್ದೇನೆಂದು ತಿಳಿಯದೆ ಸ್ವಲ್ಪ ಹೊತ್ತು ಆಕಾಶ ನೋಡುತ್ತೀಯ. ಬಾಯಿ ಒರೆಸಿಕೊಂಡು, ಜಾರಿದ ತುರುಬು ಬಿಗಿದುಕೊಂಡು, ಕ್ಯಾಮೆರಾ ಕಡೆ ತಿರುಗುತ್ತೀಯ. "ಎಂಥಾ ನಿದ್ದೆ ಬಂತೇ ಮಗಾ, ಮೈಯೆಲ್ಲಾ ಹಗುರಾಗೋಯ್ತು" ಎಂದು ನಗುತ್ತೀಯ. ನಿನ್ನ ಜೀವಮಾನದಲ್ಲಿ ಅಂಥ ನಗೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಿನ್ನೆ ಅದನ್ನು ಕೊನೆಗೆ ಸೇರಿಸಿದೆ. ಮಲಗುವುದರಲ್ಲಿ ಒಂದು ಚೂರೂ ಕಡಿಮೆ ಮಾಡಲಿಲ್ಲ. ಸಾಹೇಬರಿಗೆ ಫೋನು ಮಾಡಿ, ಸಿನಿಮಾ ಮೊದಲಿಗಿಂತ ಉದ್ದವಾಗಿದೆ, ಬೇಕಾದರೆ ಹಾಕಿ, ಇಲ್ಲದಿದ್ದರೆ ತೋಪಿನಲ್ಲೇ ಬಿಳಿ ಪಂಚೆ ಕಟ್ಟಿ ತೋರಿಸುತ್ತೇನೆ ಎಂದೆ. "ಕಮ್ಮಿ ಮಾಡು ಅಂದ್ರೆ ಜಾಸ್ತಿ ಮಾಡಿದ್ಯಾ? ಜಿದ್ದಿ ಹುಡುಗಿ. ಹೋಗ್ಲಿ ಬಾ, ಒಂದೇ ಆಟ" ಎಂದರು. ಮಾವ ಬರುವುದಿಲ್ಲ ಎಂದಿದ್ದಾನೆ, ಬರದಿರಲಿ. ಹುಡುಗರು ಸಿಳ್ಳೆ ಹಾಕಲಿ, ಮೇಷ್ಟರು ರೂಪಕ ಹುಡುಕಲಿ. ಗಂಗಮ್ಮನನ್ನು ಆಟಕ್ಕೆ ಕರೆದಿದ್ದೇನೆ, ನೀನು ಏಳುವುದನ್ನು ಸೇರಿಸಿದ್ದು ಮಾತ್ರ ಅವಳಿಗಿನ್ನೂ ಹೇಳಿಲ್ಲ. ಅವಳು ಕೂಗಲಿ ಅಂತಲೇ ಹೇಳಿಲ್ಲ. ಭಾನುವಾರ ಶಿರಾದಲ್ಲಿ ಎದ್ದು ಹೋಗುವವರೆಲ್ಲ ಎದ್ದು ಹೋದ ಮೇಲೆ, ಅವಳು ಕರೆದಾಗ ನೀನು ಏಳುತ್ತೀಯ ಅವ್ವ.

ನಿನ್ನ
ಭಾಗಿ