ಚೆಂಡು ಎತ್ತಿಕೊಟ್ಟವಳು

ಮನೆ, ಅಡುಗೆಮನೆಯ ಮೇಜು
ಬುಧವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೆ? ಟಿವಿಯಲ್ಲಿ ನೋಡಿದರೆ ಕೆನ್ನೆ ಒಳಕ್ಕೆ ಹೋಗಿದೆ, ಕಣ್ಣಿನ ಕೆಳಗೆ ಕಪ್ಪಾಗಿದೆ. ನಿದ್ದೆ ಬರುತ್ತಿಲ್ಲ ಅಂತ ಅಮ್ಮನ ಹತ್ತಿರ ಹೇಳಿದೆಯಂತೆ. ಮಲಗುವ ಮುಂಚೆ ಬೆಚ್ಚಗೆ ಹಾಲು ಕುಡಿ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಹಾಗೇ ಇದೆ, ಅಪ್ಪನ ಬಾಯಿ ಹಾಗೇ ಇದೆ. ಭಾನುವಾರ ನೀನು ಫೋನಿನಲ್ಲಿ ಕೇಳಿದ್ದಕ್ಕೆ ಉತ್ತರ ಬರೆಯಲು ಕೂತಿದ್ದೇನೆ. ಕಾಗದ ಯಾಕೆ, ಫೋನ್ ಮಾಡಿ ಹೇಳಬಾರದೇನೇ ಅಂತ ಅಮ್ಮ ಬೆಳಿಗ್ಗೆಯಿಂದ ಪ್ರಾಣ ತಿನ್ನುತ್ತಿದ್ದಾಳೆ. ಆಟದ ವಿಷಯ ಫೋನಿನಲ್ಲಿ ಹೇಳಿದರೆ ಅರ್ಧ ಕಿವಿಗೆ ಹೋಗುತ್ತದೆ, ಅರ್ಧ ಗಾಳಿಗೆ ಹೋಗುತ್ತದೆ. ಕಾಗದವಾದರೆ ಇಟ್ಟುಕೊಂಡು ಓದುತ್ತಾನೆ ಅಂದೆ. ನಂಬಿದಳು. ಅಮ್ಮ ಯಾರು ಏನು ಹೇಳಿದರೂ ನಂಬುತ್ತಾಳೆ, ಈ ಮನೆ ಇಷ್ಟು ವರ್ಷ ನಡೆದಿರುವುದೇ ಅದರಿಂದ.

ಮೊದಲು ಊರಿನ ಸುದ್ದಿ ಕೇಳು. ಅಪ್ಪ ಕ್ಷೌರದಂಗಡಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಹೋದ ವರ್ಷ ನೀನು ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿಗೆ ಸೇರಿದಾಗ ಕನ್ನಡಿಯ ಪಕ್ಕದಲ್ಲಿ ನಿನ್ನ ಫೋಟೋ ಅಂಟಿಸಿದ್ದನಲ್ಲ ಆ ಕ್ಷೌರದವನು, ಅದನ್ನು ಕಿತ್ತು ಯಾವಳೋ ಸೋಪಿನ ಜಾಹೀರಾತಿನವಳನ್ನು ಅಂಟಿಸಿದ್ದಾನೆ. ಅಪ್ಪ ಕೇಳಿದ್ದಕ್ಕೆ, ನಿಮ್ಮ ಮಗ ಚೆಂಡು ಹಾಕ್ಲಿ ಸಾರ್, ಮತ್ತೆ ಅಂಟಿಸ್ತೀನಿ ಅಂದನಂತೆ. ಅಪ್ಪ ಅರ್ಧ ಗಡ್ಡದಲ್ಲೇ ಎದ್ದು ಬಂದರು. ಈಗ ಮನೆಯಲ್ಲೇ ಕೆರೆದುಕೊಂಡು ಗಲ್ಲವೆಲ್ಲ ಗಾಯ. ನಾನು ನಗಬಾರದಿತ್ತು, ಆದರೆ ನಕ್ಕೆ.

ನಿನ್ನ ಮ್ಯಾಚುಗಳನ್ನು ಒಂದೂ ಬಿಡದೆ ನೋಡುತ್ತೇನೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಡೀ ದಿನ ಹಾಸಿಗೆ ಬಟ್ಟೆ ಮಡಚಿ ಬಂದ ಮೇಲೆ ಬೇರೆ ಮನರಂಜನೆ ಏನಿದೆ ನನಗೆ? ಈ ವರ್ಷ ನೀನು ದೂರದಿಂದ ಎಸೆದ ಚೆಂಡು ರಿಂಗಿನ ಮುಂದಿನ ಅಂಚಿಗೇ ಬಡಿದು ವಾಪಸ್ ಬರುತ್ತದೆ. ಪ್ರತಿ ಸಲವೂ ಅದೇ ಅಂಚು. ನಿಮ್ಮ ಕೋಚ್ ನಿನ್ನ ಮೊಣಕೈ ತಿದ್ದಿದರು, ಮಣಿಕಟ್ಟು ತಿದ್ದಿದರು, ಬೆರಳಿಗೆ ಪಟ್ಟಿ ಸುತ್ತಿಸಿದರು. ಜನ ಸಿಳ್ಳೆ ಹಾಕಿದಾಗ ನೀನು ನಿನ್ನ ಅಂಗೈಯನ್ನೇ ನೋಡಿಕೊಳ್ಳುತ್ತೀಯ, ಅದು ಯಾರದ್ದೋ ಎನ್ನುವ ಹಾಗೆ. ಆಗ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿಬಿಡುತ್ತಾಳೆ. ನಾನು ಕೂತೇ ಇರುತ್ತೇನೆ.

ಭಾನುವಾರ ನೀನು ಏನಂದೆ, ನೆನಪಿದೆಯಾ? ಅಕ್ಕಾ, ಮುಂದಿನ ಭಾನುವಾರ ಕೊನೇ ಮ್ಯಾಚು, ಅವತ್ತೂ ಹಾಕಲಿಲ್ಲ ಅಂದ್ರೆ ನನ್ನನ್ನ ಕೈ ಬಿಡ್ತಾರೆ, ಬೇರೆ ಯಾರೂ ತಗೊಳಲ್ಲ, ಚಿಕ್ಕಂದಿನಿಂದ ನನ್ನ ಆಟ ನೋಡಿರೋಳು ನೀನೊಬ್ಬಳೇ, ಏನು ತಪ್ಪಾಗ್ತಿದೆ ಹೇಳು ಅಂದೆ. ನೋಡಿ ಹೇಳ್ತೀನಿ ಪುಟ್ಟಾ, ಅಂದೆ ನಾನು. ನೋಡುವುದೇನೂ ಇರಲಿಲ್ಲ, ನನಗೆ ಈ ವರ್ಷದ ಮೊದಲ ಮ್ಯಾಚಿನಲ್ಲೇ ಗೊತ್ತಾಗಿತ್ತು.

ನೀನೊಬ್ಬಳೇ ಅಂದೆಯಲ್ಲ, ಆ ಮಾತು ಕೇಳಿ ಹಳೆಯದೆಲ್ಲ ತಲೆಗೆ ಬಂತು. ಅಪ್ಪ ಶಾಲೆಯ ಜವಾನ ಆಗಿದ್ದರಿಂದ ಆಟದ ಅಂಗಳದ ಬೀಗದ ಕೈ ನಮ್ಮ ಮನೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಶಾಲೆ ಬಿಟ್ಟ ಮೇಲೆ ಕತ್ತಲಾಗುವ ತನಕ ನೀನು ಎಸೆಯುವುದು, ನಾನು ರಿಂಗಿನ ಕೆಳಗೆ ನಿಂತು ಚೆಂಡು ಹಿಡಿದು ವಾಪಸ್ ಕೊಡುವುದು. ವರ್ಷಗಟ್ಟಲೆ. ನನ್ನ ಉದ್ದ ಕಾಲು ನೋಡಿ ಕೊಕ್ಕರೆ ಅಂತ ಕೂಗುತ್ತಿದ್ದೆ ನೀನು. ಒಂದು ದಿನ ಚೆಂಡು ಬಡಿದು ನನ್ನ ಕಿರುಬೆರಳು ಹಿಂದಕ್ಕೆ ಮಡಚಿಕೊಂಡಿತು. ಅದು ಈಗಲೂ ನೆಟ್ಟಗಾಗುವುದಿಲ್ಲ. ಬಟ್ಟೆಯ ಮೂಲೆ ಹಿಡಿಯುವಾಗ ಅದೊಂದು ಹೊರಗೇ ನಿಲ್ಲುತ್ತದೆ. ಲಾಂಡ್ರಿಯ ಹುಡುಗಿಯರು ಮಹಾರಾಣಿ ಟೀ ಕುಡೀತಿದ್ದಾಳೆ ಅಂತ ಆಡಿಕೊಳ್ಳುತ್ತಾರೆ.

ಆ ಕುಳ್ಳಗಿನ ಹೆಂಗಸು ಬಂದಿದ್ದಳಲ್ಲ, ಹೆಣ್ಣುಮಕ್ಕಳ ತಂಡದ ಕೋಚ್. ಬೇಲಿಯ ಆಚೆ ನಿಂತು ನೋಡಿ, ಹುಡುಗನಲ್ಲ, ಆ ಉದ್ದದ ಹುಡುಗಿ ಬೇಕು ನನಗೆ, ಹಾಸ್ಟೆಲ್ಲು, ಊಟ ಎಲ್ಲ ನಾವೇ ಕೊಡ್ತೀವಿ ಅಂದಳು. ಎರಡು ಸಲ ಮನೆಗೆ ಬಂದಳು. ಎರಡನೇ ಸಲ ಅಪ್ಪ ಬಾಗಿಲಲ್ಲೇ ನಿಲ್ಲಿಸಿ, ಇವಳು ಹೊರಟುಹೋದ್ರೆ ಅವನಿಗೆ ಚೆಂಡು ಎತ್ತಿಕೊಡೋರು ಯಾರು ಅಂದರು. ನಾನು ಬಾಗಿಲ ಹಿಂದೆ ಇದ್ದೆ. ನೀನು ಅಂಗಳದಲ್ಲಿ ಚೆಂಡು ಪುಟಿಸುತ್ತ, ಅಕ್ಕಾ, ಬೇಗ ಬಾ, ಕತ್ತಲಾಗುತ್ತೆ ಅಂತ ಕೂಗುತ್ತಿದ್ದೆ. ಅವನು ಚಿಕ್ಕವನು ಕಣೇ, ಅವನದ್ದೇನು ತಪ್ಪು ಅಂತ ಅಮ್ಮ ಈಗಲೂ ಹೇಳುತ್ತಾಳೆ. ನಾನೂ ದೊಡ್ಡವಳಾಗಿರಲಿಲ್ಲ. ಆದರೂ ಅವತ್ತು ಬಂದು ನಿನಗೆ ಚೆಂಡು ಎತ್ತಿಕೊಟ್ಟೆ, ಒಂದೂ ಬೀಳಿಸಲಿಲ್ಲ.

ಇದನ್ನೆಲ್ಲ ನಾನು ಮರೆತು ಬದುಕುತ್ತಿದ್ದೆ, ಪುಟ್ಟಾ. ನಿಜ ಹೇಳುತ್ತೇನೆ, ನೀನು ಗೆದ್ದಾಗ ಲಾಂಡ್ರಿಯಲ್ಲಿ ಎಲ್ಲರಿಗೂ ಸಿಹಿ ಹಂಚಿದ್ದೆ. ಆಮೇಲೆ ಟಿವಿಯಲ್ಲಿ ಆ ಸಂದರ್ಶನ ಬಂತು. ನಾವು ಮೂವರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದೆವು. ಅಮ್ಮ ನನ್ನ ಪಕ್ಕಕ್ಕೇ ಸರಿದು ಕೂತಿದ್ದಳು, ನೀನು ನನ್ನ ಹೆಸರು ಹೇಳಿದಾಗ ಕೈ ಹಿಡಿಯಬೇಕೆಂದು. ನಿಮಗೆ ಕಲಿಸಿದ್ದು ಯಾರು ಅಂತ ಸಂದರ್ಶನ ಮಾಡುವವನು ಕೇಳಿದ. ನೀನು ಕೂದಲು ಹಿಂದಕ್ಕೆ ಸವರಿ, ಯಾರೂ ಇರ್ಲಿಲ್ಲ, ನಾನು, ಒಂದು ಚೆಂಡು, ಒಂದು ಗೋಡೆ, ಅಷ್ಟೇ ಅಂದೆ. ಅಪ್ಪ ತೊಡೆ ತಟ್ಟಿ, ಎಷ್ಟು ಚೆನ್ನಾಗಿ ಮಾತಾಡ್ತಾನೆ ನೋಡೇ ಅಂದರು. ಅಮ್ಮ ಎದ್ದು ಹೋಗಿ ಒಲೆಯ ಮೇಲೆ ಏನೂ ಇಲ್ಲದಿದ್ದರೂ ಒಲೆ ಹಚ್ಚಿದಳು. ಆ ಅಂಗಳಕ್ಕೆ ಸುತ್ತಲೂ ತಂತಿ ಬೇಲಿ ಕಣೋ, ಗೋಡೆ ಎಲ್ಲಿತ್ತು? ನನಗೆ ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತಿದೆ.

ಇರಲಿ, ಬಹಳ ಬರೆದೆ. ಕ್ಲಬ್ಬಿನವರು ಬಿಟ್ಟರೆ ಮನೆಗೆ ಬಾ. ನಿನ್ನ ಹಾಸಿಗೆಯ ಮೇಲೆ ಈಗ ಅಪ್ಪ ಮಲಗುತ್ತಾರೆ, ನೀನು ಹೊರಗಿನ ಕೋಣೆಯಲ್ಲಿ ಹೊಂದಿಕೊಳ್ಳಬೇಕು. ಲಾಂಡ್ರಿಯಲ್ಲಿ ಗಂಟು ಎತ್ತಿಹಾಕಲು ಉದ್ದದ ಆಳು ಬೇಕು ಅನ್ನುತ್ತಿದ್ದರು, ಮಾತಾಡಿ ಇಟ್ಟಿದ್ದೇನೆ. ಅಮ್ಮನ ಆಶೀರ್ವಾದ, ಅಪ್ಪನ ಆಶೀರ್ವಾದ. ನನ್ನದೂ ಇದೆ, ಬೇಕಿದ್ದರೆ ತೆಗೆದುಕೋ. ಮೈ ಜೋಪಾನ.

ನಿನ್ನ ಅಕ್ಕ,
ಕೊಕ್ಕರೆ

ಮರೆತೇಬಿಟ್ಟಿದ್ದೆ: ಇವತ್ತು ನನಗೆ ಮಧ್ಯಾಹ್ನದ ಪಾಳಿ, ಲಾಂಡ್ರಿಯ ವ್ಯಾನು ಬಂದು ಹಾರ್ನ್ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ನಿನ್ನ ಕೈಗೆ ಏನೂ ಆಗಿಲ್ಲ. ನೀನು ಮಂಡಿ ಬಗ್ಗಿಸುತ್ತಿಲ್ಲ. ನಾನು ಯಾವಾಗಲೂ ಚೆಂಡನ್ನು ಬೇಕೆಂದೇ ಕೆಳಗೆ, ನಿನ್ನ ಮೊಣಕಾಲಿನ ಹತ್ತಿರ ಎಸೆಯುತ್ತಿದ್ದೆ. ಹಿಡಿಯಬೇಕಾದರೆ ನೀನು ಕುಗ್ಗಲೇಬೇಕಿತ್ತು, ಕುಗ್ಗಿ ಎದ್ದ ರಭಸಕ್ಕೇ ಚೆಂಡು ಅಷ್ಟು ದೂರ ಹೋಗುತ್ತಿತ್ತು. ಹೋದ ವರ್ಷ ನಿಮ್ಮ ತಂಡದಲ್ಲಿ ಆ ಗಿಡ್ಡ ಹುಡುಗ ಇದ್ದ, ಅವನೂ ಕೆಳಗೇ ಕೊಡುತ್ತಿದ್ದ, ಅದಕ್ಕೇ ನಡೆಯಿತು. ಈ ವರ್ಷ ಬಂದಿರುವ ಉದ್ದನೆಯವನು ಎದೆಗೆ ಕೊಡುತ್ತಾನೆ, ನೀನು ಕಂಬದ ಹಾಗೆ ನಿಂತುಕೊಂಡೇ ಎಸೆಯುತ್ತೀಯ. ಕೆಳಗೆ ಕೊಡು ಅಂತ ಅವನಿಗೆ ಹೇಳಿದ್ದರೆ ಒಂದು ಸಂಜೆಯಲ್ಲಿ ಸರಿಹೋಗುತ್ತಿತ್ತು. ಕಾಗದ ತಲುಪಲು ವಾರವಾದರೂ ಬೇಕು ಅಂತ ಅಂಚೆಯವರು ಹೇಳಿದರು, ಅಷ್ಟರಲ್ಲಿ ಭಾನುವಾರ ಮುಗಿದಿರುತ್ತದೆ. ಬರೆಯುತ್ತಿದ್ದಾಗ ಎರಡು ಸಲ ನಿನ್ನ ಫೋನು ಬಂತು. ಇಲ್ಲೇ, ಕೈಯ ಪಕ್ಕದಲ್ಲೇ ಇತ್ತು. ಎತ್ತಲಿಲ್ಲ.