ಹಳದಿ ಬಣ್ಣದ ಲವಂಗದ ಸಾಬೂನು

ಮನೆಯಿಂದ,
ಬುಧವಾರ, ಮಧ್ಯಾಹ್ನ ಊಟವಾದ ಮೇಲೆ

ಪ್ರೀತಿಯ ಮಗನೇ, ಕಂಬಾ,

ಇದನ್ನು ಬರೆಯುತ್ತಿರುವವಳು ನಿನ್ನನ್ನು ಹೆತ್ತ ತಾಯಿ. ನಿಮ್ಮಪ್ಪ ಹೋದ ಮೇಲೆ ಸಾಬೂನಿನ ಕಾರ್ಖಾನೆಯನ್ನೂ ಮೂರು ಗಂಡುಮಕ್ಕಳನ್ನೂ ಒಬ್ಬಳೇ ನಿಭಾಯಿಸಿದವಳು, ಹೈಸ್ಕೂಲು ಮುಗಿಸಿದವಳು, ಈ ಬೀದಿಯಲ್ಲಿ ಯಾವ ಎರಡು ಮನೆಯವರು ಜಗಳವಾಡಿದರೂ ಕೊನೆಗೆ ಯಾರ ಬಾಗಿಲಿಗೆ ಬರುತ್ತಾರೋ ಅವಳು. ಇಷ್ಟನ್ನು ಮೊದಲೇ ಏಕೆ ಹೇಳಿದೆನೆಂದರೆ, ಇತ್ತೀಚೆಗೆ ನಿನಗೆ ತಾಯಿ ಯಾರು ಎನ್ನುವುದರಲ್ಲಿ ಸ್ವಲ್ಪ ಗೊಂದಲವಾದ ಹಾಗಿದೆ.

ಹೇಗಿದ್ದೀಯ? ಜ್ವರ ಬಂದಿದೆಯೇ? ಮೈಕೈ ನೋವು? ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ? ಎಲ್ಲರೂ ಕಾಗದದಲ್ಲಿ ಕೇಳುತ್ತಾರೆಂದು ನಾನೂ ಕೇಳುತ್ತಿಲ್ಲ, ಒಂದೊಂದಕ್ಕೂ ಉತ್ತರ ಬೇಕು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಕಾರ್ಖಾನೆಗೆ ಅರ್ಧ ಜನ ಒಂದು ವಾರ ಬರುತ್ತಾರೆ, ಉಳಿದವರು ಮುಂದಿನ ವಾರ. ರೋಗದ ಭಯಕ್ಕೆ ಊರಿಗೆಲ್ಲ ಕೈ ತೊಳೆಯುವ ಹುಚ್ಚು ಹಿಡಿದಿರುವುದರಿಂದ ಸಾಬೂನಿಗೆ ಬೇಡಿಕೆ ಇದೆ, ಸಾಮಾನು ಮಾತ್ರ ಬರುತ್ತಿಲ್ಲ. ಕಾಗದದ ಮೇಲೆ ಕಂಬ ಎಂದು ಬರೆಯಬೇಡ, ತಂಡ ಇಳಿದಿರುವ ಹೋಟೆಲಿನವರು ನಗುತ್ತಾರೆ ಎಂದು ನೀನು ಹೇಳಿದ್ದೆ. ನಗಲಿ ಬಿಡು. ಫುಟ್‌ಬಾಲ್ ಆಡುವಾಗ ಗೋಲಿಗೆ ಕಂಬ ಇಲ್ಲವೆಂದು ಅಣ್ಣಂದಿರು ನಿನ್ನನ್ನೇ ನಿಲ್ಲಿಸಿ ಆಡುತ್ತಿದ್ದರು. ಚೆಂಡು ಮೈಗೆ ಬಡಿದು ಬಡಿದು ಅದನ್ನು ಹಿಡಿಯುವುದನ್ನು ಕಲಿತೆ. ಆ ಮೈಗೆ ಎಣ್ಣೆ ತಿಕ್ಕಿದವಳು ನಾನು, ನಿನ್ನ ತಂಡದ ಡಾಕ್ಟರಮ್ಮ ಅಲ್ಲ.

ಹೌದು, ಆಕೆಯ ವಿಷಯಕ್ಕೇ ಬರುತ್ತೇನೆ. ಕಳೆದ ಪಂದ್ಯ ಗೆದ್ದಾಗ ಟಿವಿಯವನು ದೂರದಿಂದ ಕೋಲಿಗೆ ಮೈಕು ಕಟ್ಟಿ ನಿನ್ನ ಮುಂದೆ ಹಿಡಿದು, ಇಂಥ ಕಾಲದಲ್ಲಿ ಆಡಲು ಭಯವಾಗುವುದಿಲ್ಲವೇ ಎಂದು ಕೇಳಿದ. ನೀನು ಹಲ್ಲು ಕಿರಿದು, "ನಮ್ಮ ಡಾಕ್ಟರಮ್ಮ ಇದ್ದಾರಲ್ಲ, ತಾಯಿ ಥರ ನೋಡ್ಕೋತಾರೆ" ಎಂದೆ. ನಿನ್ನ ದೊಡ್ಡತ್ತಿಗೆಗೆ ಅಷ್ಟೇ ಸಾಕಾಯಿತು. "ಅತ್ತೆ, ನಿಮಗೆ ಕೆಲಸ ಕಡಿಮೆ ಆಯ್ತು ಬಿಡಿ" ಅಂದಳು. ಕರೆಂಟು ದಂಡ ಎಂದು ಹೇಳಿ ಟಿವಿ ಆರಿಸಿಬಿಟ್ಟೆ. ಚಿಕ್ಕವನಿದ್ದಾಗ ನಿನ್ನ ಮೂಗಿಗೆ ಒಂದು ತೊಟ್ಟು ಔಷಧಿ ಬಿಡಬೇಕಾದರೆ ಇಬ್ಬರು ಕೈಕಾಲು ಹಿಡಿಯಬೇಕಿತ್ತು, ಆಮೇಲೂ ನನ್ನ ಬೆರಳು ಕಚ್ಚುತ್ತಿದ್ದೆ. ಈಗ ಆಕೆ ಉದ್ದನೆಯ ಕಡ್ಡಿ ಹಿಡಿದು ಬಂದರೆ ಸಾಲಿನಲ್ಲಿ ಮೊದಲು ನಿಂತು ಮುಖ ಎತ್ತಿ ಕೊಡುತ್ತೀಯಂತೆ. ನಾನು ಬೇಯಿಸಿದ ಸೊಪ್ಪನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದವನು ಆಕೆ ಹೇಳಿದಳೆಂದು ಎರಡು ಹೊತ್ತೂ ತಿನ್ನುತ್ತೀಯಂತೆ. ತಿನ್ನು, ಒಳ್ಳೆಯದೇ. ಆದರೆ ಅದನ್ನು ಫೋನಿನಲ್ಲಿ ನನಗೇ ಹೇಳಬೇಕಿತ್ತೇ? ಹೊಟ್ಟೆಯುರಿಯುವುದಿಲ್ಲವೇ? ಉರಿಯುತ್ತದೆ. ಆಕೆಗೆ ಮಕ್ಕಳಿಲ್ಲವೇ ಎಂದು ವಿಚಾರಿಸಿದೆ. ಇಬ್ಬರಿದ್ದಾರಂತೆ. ಆದರೂ ನನ್ನದೇ ಬೇಕಾಯಿತು.

ಇನ್ನು ನಿನ್ನೆಯ ಮಾತು. ನಮ್ಮ ಮನೆಯ ಪದ್ಧತಿ ನಿನಗೇನೂ ಹೊಸದಲ್ಲ. ಊಟಕ್ಕೆ ಕೂರುವ ಮೊದಲು ಮೂವರೂ ಕಣ್ಣು ಮುಚ್ಚಿಕೊಂಡು ಅಂದಿನ ಸಾಬೂನನ್ನು ಮೂಸಿ ಯಾವುದೆಂದು ಹೇಳಬೇಕಿತ್ತು, ತಪ್ಪಿದವನಿಗೆ ಕೊನೆಗೆ ಬಡಿಸುತ್ತಿದ್ದೆ. ನೀನು ಒಮ್ಮೆಯೂ ಕೊನೆಗೆ ಉಂಡವನಲ್ಲ. ದೂರ ಹೋದ ಮೇಲೂ ಪ್ರತಿ ಪಾರ್ಸೆಲಿನಲ್ಲಿ ಹೆಸರಿಲ್ಲದ ಒಂದು ಸಾಬೂನು ಇಡುವುದು, ನೀನು ಮೂಸಿ ಫೋನಿನಲ್ಲಿ ಹೇಳುವುದು ನಡೆದೇ ಇದೆ. ಇದರಲ್ಲಿ ಯಾವ ಡಾಕ್ಟರಮ್ಮನಿಗೂ ಪಾಲಿಲ್ಲ. ಈ ಸಲ ಲವಂಗಕ್ಕೆ ಹಾಕುವ ಕಂದು ಬಣ್ಣ ಬರಲಿಲ್ಲ. ಆದ್ದರಿಂದ ನಿಂಬೆಗೆ ಹಾಕುವ ಹಳದಿಯನ್ನೇ ಲವಂಗಕ್ಕೂ ಹಾಕಿದೆವು. ನಿನಗೆ ಹೇಳಿರಲಿಲ್ಲ, ಹೇಳಬೇಕೆಂದು ಹೊಳೆಯಲೂ ಇಲ್ಲ. ನಿನ್ನೆ ನೀನು ಪಾರ್ಸೆಲು ಬಿಚ್ಚಿದವನೇ "ನಿಂಬೆ ಅಲ್ವಾ ಅಮ್ಮಾ" ಎಂದೆ. ಆ ಸಾಬೂನು ಕೋಣೆಯಲ್ಲಿದ್ದರೆ ನೆಗಡಿಯಾದವನಿಗೂ ಲವಂಗವೆಂದು ಗೊತ್ತಾಗಬೇಕು. ನೀನು ಮೂಸಿರಲಿಲ್ಲ, ನೋಡಿ ಹೇಳಿದ್ದೆ. ನಾನು "ಇನ್ನೊಂದ್ಸಲ ಮೂಸು" ಎಂದೆ. ಆಗ ನೀನು, "ಮೊನ್ನೆಯಿಂದ ಯಾವ ವಾಸನೆಯೂ ಬರ್ತಿಲ್ಲ ಅಮ್ಮಾ. ಟೆಸ್ಟಲ್ಲಿ ಏನೂ ಬಂದಿಲ್ಲ. ಇನ್ನೊಂದು ಟೆಸ್ಟು ಶನಿವಾರದ ಫೈನಲ್ ಆದ್ಮೇಲೇ. ಡಾಕ್ಟರಮ್ಮಂಗೆ ಗೊತ್ತಾದ್ರೆ ಕೂರಿಸಿಬಿಡ್ತಾರೆ. ಯಾರಿಗೂ ಹೇಳ್ಬೇಡ" ಎಂದೆ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ನೀನೇ ಹೂಂ ಎಂದುಕೊಂಡು ಫೋನಿಟ್ಟೆ.

ಆ ಗಳಿಗೆಯಲ್ಲಿ ನನಗೆ ಭಯಕ್ಕಿಂತ ಮೊದಲು ಬಂದದ್ದು ಖುಷಿ. ದಿನಕ್ಕೆರಡು ಸಲ ನಿನ್ನ ಹಣೆಗೆ ಯಂತ್ರ ಹಿಡಿಯುವ ಆಕೆಗೆ ತಿಳಿಯದ್ದು ಇಲ್ಲಿ ಅಡುಗೆಮನೆಯಲ್ಲಿ ನಿಂತ ನನಗೆ ತಿಳಿಯಿತು. ಸಂಜೆಯವರೆಗೂ ಅದನ್ನು ಮಡಿಲಲ್ಲಿ ಕಟ್ಟಿಕೊಂಡವಳಂತೆ ಓಡಾಡಿದೆ. ದೊಡ್ಡತ್ತಿಗೆ ಏನೋ ಚುಚ್ಚಿದಳು, ನಕ್ಕು ಸುಮ್ಮನಾದೆ. ಮೈಯಲ್ಲಿ ಹುಷಾರಿಲ್ಲವೇ ಎಂದು ಅವಳು ಹೆದರಿಬಿಟ್ಟಳು.

ಆಮೇಲೆ ನಿಮ್ಮಣ್ಣ ಕಳೆದ ಪಂದ್ಯವನ್ನು ಮತ್ತೆ ಹಾಕಿದ. ಮೂಲೆಯಿಂದ ಚೆಂಡು ಬರುವಾಗ ನಿನ್ನ ಮುಂದೆ ಎಷ್ಟು ಜನ! ಎಲ್ಲರೂ ಏದುಸಿರು ಬಿಡುತ್ತಿದ್ದಾರೆ, ನೀನು ಅವರ ಮುಖದ ಮೇಲೇ ಕೂಗುತ್ತಿದ್ದೀಯ. ನಿಮ್ಮ ಸಾಮಾನು ನೋಡಿಕೊಳ್ಳುವ ಮುದುಕಪ್ಪ ಬಗ್ಗಿ ನಿನ್ನ ಗ್ಲೌಸಿನ ಪಟ್ಟಿ ಬಿಗಿಯುತ್ತಿದ್ದಾನೆ, ಮುಖದ ಬಟ್ಟೆ ಮೂಗಿನಿಂದ ಕೆಳಗೆ ಜಾರಿದೆ. ಆತನಿಗೆ ಸಕ್ಕರೆ ಕಾಯಿಲೆ, ಮನೆಯಲ್ಲಿ ಹೆಂಡತಿ ಒಬ್ಬಳೇ ಎಂದು ಹೇಳಿದವನು ನೀನೇ. ಇಂಥ ಹೊತ್ತಿನಲ್ಲಿ ಚೆಂಡಾಟ ಬೇಕೇ ಎಂದು ನಮ್ಮ ಬೀದಿಯಲ್ಲಿ ದಿನವೂ ವಾದ. ನಾನು ಮಧ್ಯಾಹ್ನಕ್ಕೇ ಅಂಗಡಿ ಬಾಗಿಲು ಹಾಕಬೇಕು, ಅವರು ಒಬ್ಬರ ಮೇಲೊಬ್ಬರು ಬೀಳಬಹುದೇ ಎಂದು ಕಿರಾಣಿಯವನ ಸಿಟ್ಟು. ಮೈದಾನದ ಹುಲ್ಲು ಕತ್ತರಿಸುವವನೂ ಉಣ್ಣಬೇಡವೇ ಎನ್ನುವುದು ನಿಮ್ಮಣ್ಣನ ಮಾತು. ನಾನು ನಿಮ್ಮಣ್ಣನ ಪರ. ಬೇರೆ ಹೋಟೆಲು, ಬೇರೆ ಬಸ್ಸು, ಖಾಲಿ ಮೈದಾನ, ಒರೆಸಿಟ್ಟ ಚೆಂಡು, ಎಲ್ಲ ಅಚ್ಚುಕಟ್ಟಾಗಿಯೇ ಇದೆ. ಅದನ್ನೆಲ್ಲ ಮಾಡಿಸಿದವಳು ಆಕೆ ಎಂದು ಒಪ್ಪಿಕೊಳ್ಳಲು ನನ್ನ ನಾಲಿಗೆ ಏಳುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಆದರೆ ಒಳಗಿರುವವನೇ ಬಾಯಿ ಮುಚ್ಚಿಕೊಂಡರೆ ಅಷ್ಟೆಲ್ಲ ಕಾವಲು ಯಾರಿಗಾಗಿ? ಎರಡು ವರ್ಷ ಬೆಂಚಿನ ಮೇಲೆ ಕೂತು ಈ ಜಾಗ ಪಡೆದೆ, ಗೊತ್ತು. ನೀನು ಬಿಟ್ಟರೆ ಆ ಹಳೆಯ ಗೋಲ್‌ಕೀಪರ್ ನಿಂತುಕೊಳ್ಳುತ್ತಾನೆ, ಅದೂ ಗೊತ್ತು. ಅವನನ್ನು ಕಂಡರೆ ನಿನಗೆ ಹೇಗಾಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೂ ಅರ್ಥವಾಗುವುದಿಲ್ಲ.

ಬಿಸಿನೀರು ಕುಡಿ. ಬೋರಲು ಮಲಗು. ಅಣ್ಣಂದಿರು, ಅತ್ತಿಗೆಯರು ನಿನ್ನನ್ನು ನೆನೆದಿದ್ದಾರೆ. ನೂರು ಕಾಲ ಚೆನ್ನಾಗಿ ಬಾಳು, ಉಸಿರು ಗಟ್ಟಿಯಾಗಿರಲಿ ಎಂದು ಹರಸುವ,

ನಿನ್ನ ಅಮ್ಮ

ಮರೆತಿದ್ದೆ: ಫೋನಿನಲ್ಲಾದರೆ ನೀನು ಮುದ್ದು ಮಾತಾಡಿ ನನ್ನ ಬಾಯಿ ಕಟ್ಟಿಬಿಡುತ್ತೀಯ ಎಂದು ಕಾಗದ ಬರೆದೆ. ಹೊರಗಿನಿಂದ ಬಂದದ್ದನ್ನು ಒಂದು ದಿನ ಬಿಸಿಲಲ್ಲಿಟ್ಟು ಕೊಡುತ್ತಾರಲ್ಲ, ಅಷ್ಟರೊಳಗೆ ನಿನ್ನನ್ನು ಬೇರೆ ಕೋಣೆಗೆ ಹಾಕಿ ಆಗಿರುತ್ತದೆ. ಬೆಳಿಗ್ಗೆ ಎದ್ದವಳೇ ನಿನ್ನ ಡಾಕ್ಟರಮ್ಮನಿಗೆ ಫೋನು ಮಾಡಿ ಹೇಳಿದೆ. ಆಕೆ, "ನನ್ನ ಹತ್ರ ಹೇಳ್ಲೇ ಇಲ್ಲ ನೋಡಿ ಅವನು" ಎಂದಳು. ದನಿ ಇಳಿದುಹೋಗಿತ್ತು. ಮುದುಕಪ್ಪನನ್ನೂ ಈಗಲೇ ಬೇರೆ ಇಡುತ್ತೇನೆ ಎಂದಳು. ಆಮೇಲೆ, "ನಿಮ್ಮ ಹೆಸರು ಹೇಳಲ್ಲಮ್ಮ, ನಾನೇ ಕಂಡುಹಿಡಿದೆ ಅಂತೀನಿ, ಅವನ ಸಿಟ್ಟು ನನ್ನ ಮೇಲಿರಲಿ" ಎಂದಳು. ಬೇಡ ಎಂದೆ. ಹೇಳಿದವಳು ನಾನು. ನಿನ್ನ ಸಿಟ್ಟನ್ನೂ ಆಕೆಗೆ ಬಿಟ್ಟುಕೊಡಲಾರೆ.